ಅಪ್‌ಡೇಟ್: ಬ್ರೋಕರ್ ಆಗಲು ಡಿಗ್ರಿ ಬೇಕಾ ಅಂತ ಕೇಳಿದ್ದೆ

ಮಂಗಳೂರಲ್ಲಿ ಫ್ಲಾಟ್ ಮಾರಿಸುವ ಏಜೆಂಟ್ ಆಗಲು ಡಿಗ್ರಿ, ಅನುಭವ ಬೇಕಾ ಅಂತ ಕೇಳಿದ್ದೆನಲ್ಲ, ಬೇಡ ಮಾರಾಯ್ರೆ. 2016ರ ರೇರಾ ಕಾಯ್ದೆಯಲ್ಲಿ (ಅಂದ್ರೆ ಫ್ಲಾಟ್, ಸೈಟ್ ವ್ಯವಹಾರ ನಿಯಂತ್ರಿಸುವ ಕಾನೂನು) ಓದಿನ ಷರತ್ತೂ ಇಲ್ಲ, ಇಷ್ಟು ವರ್ಷ ಕೆಲಸ ಮಾಡಿರಬೇಕು ಅಂತಲೂ ಇಲ್ಲ. ಮುಂಬಯಿಯ ಭಾವ ಪರೀಕ್ಷೆ ಉಂಟು ಅಂದಿದ್ದರು. ಅದು ಮಹಾರಾಷ್ಟ್ರದ ಕತೆ, ನಾನು ಸುಮ್ನೆ ಹೆದರಿದ್ದು.

ಆದರೆ ರೇರಾ ನೋಂದಣಿ ಇರುವ ಪ್ರಾಜೆಕ್ಟಿನ ಫ್ಲಾಟೋ ಸೈಟೋ ಮಾರಿಸಬೇಕಾದರೆ ಏಜೆಂಟೂ ನೋಂದಣಿ ಮಾಡಿಸಲೇಬೇಕು, ಇಲ್ಲದಿದ್ದರೆ ದಿನಕ್ಕೆ 10,000 ರೂಪಾಯಿ ದಂಡ, ಅದು ಬೆಳೆದು ಆಸ್ತಿ ಬೆಲೆಯ ಶೇ. 5ರವರೆಗೂ ಹೋಗಬಹುದು. ತಲೆಬಿಸಿ ಆದದ್ದು ಫೀಸಿಗೆ. ಕರ್ನಾಟಕದ 2017ರ ನಿಯಮದಂತೆ ಒಬ್ಬ ವ್ಯಕ್ತಿಗೆ 25,000. ಐದು ವರ್ಷ ನಡೆಯುತ್ತದೆ, ಅಷ್ಟಾದರೂ ಉಂಟಲ್ವಾ. ಪಾನ್ ಕಾರ್ಡ್, ವಿಳಾಸದ ದಾಖಲೆ ಜೋಡಿಸಿಟ್ಟಿದ್ದೇನೆ, ಸೋಮವಾರ ಅರ್ಜಿ ಹಾಕುತ್ತೇನೆ.