ಆಟಿಯಲ್ಲಿ ಬರುವ ಮಕ್ಕಳಿಗೆ ಬೇರೆ ಅಡುಗೆ ಬೇಡ

ಊರಿಗೆ ಟಿಕೆಟ್ ಆದ ಕೂಡಲೇ ಪರದೇಶದಲ್ಲಿರುವ ನಿಮ್ಮಲ್ಲಿ ಹಲವರು ಬರೆಯುವುದು ಇದೇ ಮಾತು: "ದೊಡ್ಡಮ್ಮ, ಮಕ್ಕಳಿಗೆ ಖಾರ ಆಗುವುದಿಲ್ಲ, ಅವರಿಗೆ ಬೇರೆ ಏನಾದರೂ ಮಾಡಿಡಿ." ಅದರ ಬೆನ್ನಿಗೇ, "ರಜೆ ಮುಗಿಯುವಷ್ಟರಲ್ಲಿ ನಾಲ್ಕು ಮಾತು ಕನ್ನಡ ಬರಲಿ." ಕಾಸರಗೋಡಿನ ಬದಿಯಡ್ಕದ ಕಡೆಯ ನಮ್ಮ ಅಡುಗೆಮನೆಯಿಂದ ಹೇಳುವುದಾದರೆ, ಈ ಎರಡು ಬೇಡಿಕೆಗಳು ಒಟ್ಟಿಗೆ ನಡೆಯುವುದಿಲ್ಲ. ಬೇರೆ ಅಡುಗೆ ಮಾಡಿ ಬೇರೆ ಮೇಜಿನಲ್ಲಿ ಕೂರಿಸಿದ ಮಕ್ಕಳು ತಮ್ಮತಮ್ಮಲ್ಲೇ ಇಂಗ್ಲಿಷಿನಲ್ಲಿ ಮಾತಾಡಿಕೊಂಡು ತಿಂದು ಏಳುತ್ತಾರೆ. ಎರಡು ಬಗೆಯ ಅಡುಗೆ ಮಾಡಿ ಬಳಲಿದ ಅಜ್ಜಿಗೆ ಕಥೆ ಹೇಳುವ ತ್ರಾಣವೂ ಉಳಿದಿರುವುದಿಲ್ಲ.

ವಿಷು ಬರುವುದು ಏಪ್ರಿಲ್ ನಡುವಿನಲ್ಲಿ. ನಿಮ್ಮ ಮಕ್ಕಳಿಗೆ ಶಾಲೆ ರಜೆ ಜುಲೈ, ಆಗಸ್ಟಿನಲ್ಲಿ. ಗಲ್ಫಿನವರಿಗಂತೂ ಹೆಚ್ಚುಕಡಿಮೆ ಆ ಎರಡು ತಿಂಗಳೇ. ಅಂದರೆ ವಿಷು ಸಿಗುವುದಿಲ್ಲ, ಸಿಗುವುದು ಆಟಿಯ, ಅಂದರೆ ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗಿನ ತುಳು ತಿಂಗಳ, ಮಳೆ. ಹಾಗಾದರೆ ಆಟಿಯಲ್ಲಿ ಏನು ಸಿಗುತ್ತದೋ ಅದರದ್ದೇ ಹಬ್ಬ ಮಾಡೋಣ. ಪಾಯಸ, ಹೋಳಿಗೆ, ಹಲವು ತರಕಾರಿಯ ಅವಿಲು ಎಲ್ಲವನ್ನೂ ಒಂದೇ ಮಧ್ಯಾಹ್ನಕ್ಕೆ ತುರುಕುವ ಹಟ ನಮ್ಮ ಪೀಳಿಗೆಯದ್ದು. ಅದನ್ನು ಬಿಡಬೇಕು.

ಬಂದ ದಿನವೇ ಔತಣ ಇಡಬೇಡಿ. ಒಬ್ಬರು ಮಂಗಳೂರಿನ ಬಜ್ಪೆ ವಿಮಾನ ನಿಲ್ದಾಣದಲ್ಲಿ ಇಳಿಯುತ್ತಾರೆ. 2018ರಲ್ಲಿ ಕಣ್ಣೂರು ವಿಮಾನ ನಿಲ್ದಾಣ ತೆರೆದ ಮೇಲೆ ಇನ್ನೊಬ್ಬರು ಅಲ್ಲಿಂದ ಬರುತ್ತಾರೆ. ಯಾರು ಎಷ್ಟು ಹೊತ್ತಿಗೆ ಮನೆ ಸೇರುತ್ತಾರೆಂಬ ಖಾತ್ರಿಯಿಲ್ಲ. ಆ ದಿನಕ್ಕೆ ಕುಚ್ಚಲಕ್ಕಿ ಗಂಜಿ, ತುಪ್ಪ, ಕಾಯಿಚಟ್ನಿ, ಮಿಡಿ ಉಪ್ಪಿನಕಾಯಿ ಸಾಕು. ಅಮೆರಿಕದಿಂದ ಬಂದ ಮಕ್ಕಳಿಗೆ ಹಗಲು ರಾತ್ರಿ ತಲೆಕೆಳಗಾಗಿರುತ್ತದೆ, ನಡುರಾತ್ರಿ ಹಸಿವು ಶುರುವಾಗುತ್ತದೆ. ಕೈಗೆ ಸಿಗುವಲ್ಲಿ ನೇಂದ್ರ ಬಾಳೆಹಣ್ಣು ಮತ್ತು ಬೆಲ್ಲ ಕಾಯಿತುರಿ ಬೆರೆಸಿದ ಅವಲಕ್ಕಿ ಇಟ್ಟು ಮಲಗಿ. ಜೀರಿಗೆ ಹಾಕಿ ಕುದಿಸಿದ ನೀರೂ ಅಲ್ಲೇ ಇರಲಿ.

ನಾಲ್ಕು ದಿನ ಕಳೆದು, ಎಲ್ಲರ ಹೊಟ್ಟೆಯೂ ನಿದ್ದೆಯೂ ಸರಿಯಾದ ಮೇಲೆ ಪತ್ರೊಡೆ, ಅಂದರೆ ಅಕ್ಕಿಹಿಟ್ಟಿಗೆ ಕೆಸುವಿನೆಲೆ ಬೆರೆಸಿ ಹಬೆಯಲ್ಲಿ ಬೇಯಿಸಿದ ತಿಂಡಿ. ಮಳೆಗಾಲದಲ್ಲಿ ಮರದ ಮೇಲೆ ಹುಟ್ಟುವ ಮರಕೆಸು ಸಿಕ್ಕಿದರೆ ಬಹಳ ಒಳ್ಳೆಯದು, ಇಲ್ಲವಾದರೆ ಹಿತ್ತಲಿನ ಕೆಸು. ಎಲೆ ಹೆಚ್ಚುವ ಕೆಲಸವನ್ನು ಮಕ್ಕಳಿಗೆ ಕೊಡಬೇಡಿ, ತುರಿಕೆ ಏಳುತ್ತದೆ. ನೀವೂ ಕೈಗೆ ತೆಂಗಿನೆಣ್ಣೆ ಹಚ್ಚಿಕೊಳ್ಳಿ. ನೆನೆಸಿದ ಬೆಳ್ತಿಗೆ (ಕುಚ್ಚಲಲ್ಲದ ಬಿಳಿ) ಅಕ್ಕಿಯ ಜೊತೆಗೆ ಕೊತ್ತಂಬರಿ, ಜೀರಿಗೆ, ಒಣಮೆಣಸು, ಅರಶಿನ, ಬೆಲ್ಲ, ಉಪ್ಪು. ಹುಣಸೆಹುಳಿಯಲ್ಲಿ ಮಾತ್ರ ಜಿಪುಣತನ ಬೇಡ, ಕೆಸುವಿನ ತುರಿಕೆಯನ್ನು ಅಡಗಿಸುವುದು ಅದೇ. ಹಿಟ್ಟು ಗಟ್ಟಿ ಇರಬೇಕು. ಹಿಂದಿನ ಸಂಜೆಯೇ ರುಬ್ಬಿ ಫ್ರಿಜ್‌ನಲ್ಲಿಡಿ, ಆಟಿಯ ಗಾಳಿಗೆ ಕರೆಂಟು ಯಾವಾಗ ಹೋಗುತ್ತದೆಂದು ಯಾರೂ ಹೇಳಲಾರರು.

ಮಕ್ಕಳ ಕೆಲಸ ಇಲ್ಲಿಂದ ಮುಂದೆ. ಬೆಂಕಿಯಲ್ಲಿ ಬಾಡಿಸಿದ ಬಾಳೆಲೆಯನ್ನು ಒರೆಸುವುದು, ಹೆಚ್ಚಿದ ಕೆಸು ಬೆರೆಸಿದ ಹಿಟ್ಟನ್ನು ಅದರ ಮೇಲೆ ಇಡುವುದು, ಮಡಿಸುವುದು, ಎಣಿಸಿ ಹಬೆಯಲ್ಲಿ ಬೇಯಿಸುವ ಪಾತ್ರೆಯಾದ ಅಟ್ಟಿನಳಗೆಗೆ ಜೋಡಿಸುವುದು. ಎಲೆ ಹರಿದರೆ ಇನ್ನೊಂದನ್ನು ಅಡ್ಡ ಇಡುವುದು ಹೇಗೆಂದು ಕೇಳಲೇಬೇಕಾಗುತ್ತದೆ, ಕೇಳಿದರೆ ಅಜ್ಜಿಯ ಉತ್ತರ ಕನ್ನಡದಲ್ಲೇ ಬರುತ್ತದೆ. ಪಕ್ಕದಲ್ಲಿ ಕೆಲಸದವರು ಮಲಯಾಳದಲ್ಲೋ ತುಳುವಿನಲ್ಲೋ ಒಂದು ಮಾತು ಸೇರಿಸಿದರೆ ಗಾಬರಿಯಾಗಬೇಡಿ. ಇಲ್ಲಿ ನಾವೆಲ್ಲ ಹಾಗೆಯೇ ಬೆಳೆದೆವು, ಯಾವ ಭಾಷೆಯೂ ಕೆಡಲಿಲ್ಲ.

ಹಬೆಯಲ್ಲಿ ಮುಕ್ಕಾಲು ಗಂಟೆಯಿಂದ ಒಂದು ಗಂಟೆ. ಖಾರವೆನಿಸಿದ ಮಗುವಿಗೆ ಅದೇ ಪತ್ರೊಡೆಯನ್ನು ಪುಡಿಮಾಡಿ, ಬೆಲ್ಲ, ಕಾಯಿತುರಿ ಹಾಕಿ, ಸಾಸಿವೆ ಕರಿಬೇವಿನ ಒಗ್ಗರಣೆ ಕೊಟ್ಟು ಬಡಿಸಿ. ಇದು ಹೊಸದೇನೂ ಅಲ್ಲ, ಉಳಿದ ಪತ್ರೊಡೆಗೆ ಮರುದಿನ ನಾವು ಮಾಡುವುದೇ ಇದು. ಜೊತೆಗೆ ಒಂದೆಲಗದ ತಂಬುಳಿ, ಸೌತೆಕಾಯಿ ಮೇಲಾರ (ಕಾಯಿ, ಮಜ್ಜಿಗೆಯ ಪದಾರ್ಥ), ಬೇಸಗೆಯಲ್ಲಿ ಮಾಡಿಟ್ಟ ಹಲಸಿನ ಹಪ್ಪಳ. ಸಿಹಿಗೆ ಮೆತ್ತನೆ ತೊಳೆಯ ತುಳುವ ಹಲಸು ಸಿಕ್ಕಿದರೆ ಅದರ ಕೊಟ್ಟಿಗೆ, ಅಂದರೆ ಬಾಳೆಲೆಯಲ್ಲಿ ಬೇಯಿಸುವ ಕಡುಬು. ಮಳೆನೀರು ಕುಡಿದ ಹಣ್ಣು ಸಪ್ಪೆಯಾಗುವುದರಿಂದ ಬೆಲ್ಲ ಸ್ವಲ್ಪ ಮುಂದಿರಲಿ. ಇಷ್ಟೇ.

ಬಡಿಸುವ ಕೆಲಸವೂ ಮಕ್ಕಳದ್ದೇ ಆಗಲಿ: ಹತ್ತು ವರ್ಷದ ಹುಡುಗನಿಗೆ ಹಪ್ಪಳದ ಬುಟ್ಟಿ, ಅವನ ಅಕ್ಕನಿಗೆ ತಂಬುಳಿಯ ಪಾತ್ರೆ. ಎಲೆಯ ತುದಿ ಉಣ್ಣುವವರ ಎಡಕ್ಕೆ ಎಂಬುದು ಒಂದು ಸಲ ತಪ್ಪಾಗಿ ಹಾಕಿದರೆ ತಾನಾಗಿ ಬರುತ್ತದೆ. "ಇನ್ನೂ ಬೇಕಾ ಅಜ್ಜ?" ಎಂದು ಪಂಕ್ತಿಯುದ್ದಕ್ಕೂ ಕೇಳಿಕೊಂಡು ಬಂದವನು ಆ ಮಾತನ್ನು ಮತ್ತೆ ಮರೆಯುವುದಿಲ್ಲ. ಫೋನಿನಲ್ಲಿ ವಾರಕ್ಕೊಮ್ಮೆ ವರ್ಣಮಾಲೆ ಒಪ್ಪಿಸುವ ಪಾಠಕ್ಕಿಂತ ನನಗೆ ಇದರಲ್ಲಿಯೇ ನಂಬಿಕೆ. ಪಾಠ ಬೇಡವೆನ್ನುತ್ತಿಲ್ಲ, ಆದರೆ ಊರಿಗೆ ಬಂದಾಗಲೂ ಪುಸ್ತಕ ತೆರೆಸಬೇಡಿ.

ನಿಮ್ಮಿಂದ ಮೊದಲೇ ತಿಳಿಯಬೇಕಾದದ್ದು ಒಂದಿದೆ. ಮಗುವಿಗೆ ಗೇರುಬೀಜವೋ ಬೇರೆ ಯಾವುದೋ ಕಾಳೋ ಅಲರ್ಜಿಯಿದ್ದರೆ ಟಿಕೆಟ್‌ನ ಸುದ್ದಿಯ ಜೊತೆಗೇ ಬರೆಯಿರಿ. ಈ ಊರಿನಲ್ಲಿ ಗೇರುಬೀಜ ಪಾಯಸಕ್ಕೂ ಬೀಳುತ್ತದೆ, ಪಲ್ಯಕ್ಕೂ ಬೀಳುತ್ತದೆ; ಹಾಕುವ ಕೈಯನ್ನು ಆಮೇಲೆ ತಡೆಯುವುದು ಕಷ್ಟ.