ಸಹಾಯ ಬೇಕು: ಹೈಸ್ಕೂಲ್ ಮಕ್ಕಳ ಕೈಗೆ ಕೊಡಲು ಅಗ್ಗದ ಭೌತಶಾಸ್ತ್ರ ಸಾಮಗ್ರಿ

ಎಲ್ಲರಿಗೂ ನಮಸ್ಕಾರ. ನಾನು ತುಮಕೂರು ಜಿಲ್ಲೆಯ ಒಂದು ಹಳ್ಳಿ ಹೈಸ್ಕೂಲಿನಲ್ಲಿ ವಿಜ್ಞಾನ ಟೀಚರ್. ಹತ್ತನೇ ತರಗತಿಗೆ ವಿದ್ಯುತ್ ಪಾಠ ಬರುತ್ತಿದೆ. ಓಮ್‌ನ ನಿಯಮವನ್ನು ಮಕ್ಕಳು ಸುಮ್ನೆ ಬಾಯಿಪಾಠ ಮಾಡಬಾರದು. ತಾವೇ ವೈರ್ ಜೋಡಿಸಿ, ವೋಲ್ಟೇಜು, ಕರೆಂಟು ಅಳೆದು, ಗ್ರಾಫ್ ಎಳೆದು ನೋಡಬೇಕು. ನಾನೊಬ್ಬಳೇ ಮೇಜಿನ ಮೇಲೆ ಮಾಡಿ ತೋರಿಸಿದರೆ ಹಿಂದಿನ ಬೆಂಚಿಗೆ ಮೀಟರಿನ ಮುಳ್ಳೂ ಕಾಣುವುದಿಲ್ಲ.

ನಾಲ್ಕೈದು ಮಕ್ಕಳಿಗೆ ಒಂದು ಸೆಟ್ ಸಿಕ್ಕರೆ ಸಾಕು: ಎರಡು ಡಿಜಿಟಲ್ ಮಲ್ಟಿಮೀಟರ್, ಸೆಲ್ ಹೋಲ್ಡರ್, ಕ್ಲಿಪ್ ಇರುವ ವೈರ್, ನಿಕ್ರೋಮ್ ತಂತಿ, ಒಂದಷ್ಟು ರೆಸಿಸ್ಟರ್. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಇವನ್ನು ಹೋಲ್‌ಸೇಲ್ ದರಕ್ಕೆ ಕೊಟ್ಟು, ಶಾಲೆ ಹೆಸರಿಗೆ ಬಿಲ್ ಹಾಕುವ ಅಂಗಡಿ ಗೊತ್ತಾ? ಮಲ್ಟಿಮೀಟರಿನಲ್ಲಿ ಕರೆಂಟ್ ಅಳೆಯುವ ಕಡೆ ಫ್ಯೂಸ್ ಇರಲೇಬೇಕು. ಮಕ್ಕಳು ಮೀಟರನ್ನೇ ನೇರ ಸೆಲ್‌ಗೆ ಜೋಡಿಸಿಬಿಡುವುದು ಸಹಜ ಅಲ್ವಾ.

ದೆಹಲಿಯ ಇಂಟರ್ ಯೂನಿವರ್ಸಿಟಿ ಆಕ್ಸಿಲರೇಟರ್ ಸೆಂಟರ್ ರೂಪಿಸಿದ ಎಕ್ಸ್‌ಪೈಸ್-17 ಕಿಟ್ ಯಾರಾದರೂ ಬಳಸಿದ್ದೀರಾ? ಯುಎಸ್‌ಬಿಗೆ ಹಾಕಿದರೆ ಕಂಪ್ಯೂಟರೇ ಆಸಿಲೋಸ್ಕೋಪ್ (ವೋಲ್ಟೇಜಿನ ಏರಿಳಿತವನ್ನು ಪರದೆ ಮೇಲೆ ಗೆರೆಯಾಗಿ ತೋರಿಸುವ ಉಪಕರಣ) ಆಗುತ್ತದೆ. ಅದರ ವಿನ್ಯಾಸ, ಸಾಫ್ಟ್‌ವೇರ್ ಎರಡೂ ಮುಕ್ತ, ಅಂದರೆ ಯಾರು ಬೇಕಾದರೂ ಬಳಸಬಹುದು. ಹಳೇ ಲ್ಯಾಪ್‌ಟಾಪಿನಲ್ಲಿ ಸರಿಯಾಗಿ ನಡೆಯುತ್ತದೆಯೇ? ಬಳಸಿದವರು ಇದ್ದದ್ದು ಇದ್ದ ಹಾಗೆ ಹೇಳಿ.

ಜೊತೆಗೆ, ಮನೆಯಲ್ಲಿ ಸುಮ್ಮನೆ ಬಿದ್ದಿರುವ, ಮೈಕ್ ಸರಿಯಿರುವ ಆಂಡ್ರಾಯ್ಡ್ ಫೋನ್ ಇದ್ದರೆ ಕೊಡಿ. ಫೈಫಾಕ್ಸ್ ಅನ್ನುವ ಉಚಿತ ಆ್ಯಪ್ ಒಂದು ಶಬ್ದದಿಂದ ಮುಂದಿನ ಶಬ್ದದವರೆಗಿನ ಸಮಯ ಅಳೆಯುತ್ತದೆ. 1 ಮೀಟರ್ ಎತ್ತರದಿಂದ ಗೋಲಿ ಬೀಳಲು ಸುಮಾರು 0.45 ಸೆಕೆಂಡ್ ಸಾಕು. ಕೈಯಲ್ಲಿ ಸ್ಟಾಪ್‌ವಾಚ್ ಒತ್ತಿ ಅದನ್ನು ಸರಿಯಾಗಿ ಹಿಡಿಯಲು ಆಗುವುದಿಲ್ಲ. ಕೊರಿಯರ್ ಖರ್ಚು ನಾನೇ ಕೊಡುತ್ತೇನೆ. ದಯವಿಟ್ಟು ಇಲ್ಲೇ ಉತ್ತರಿಸಿ, ಬೇರೆ ಟೀಚರ್‌ಗಳಿಗೂ ಸಿಗಲಿ.