ಸಹಾಯ ಬೇಕು: ಗಿಡ್ಡ ಆಡಿಗೆ ಕುದುರೆ ಮಸಾಲೆ (ಅಲ್ಫಾಲ್ಫಾ ಮೇವು) ಹಾಕಬಹುದಾ?

ಎಲ್ಲರಿಗೂ ನಮಸ್ಕಾರ. ನಾವಿರುವುದು ಟೆಕ್ಸಾಸ್‌ನಲ್ಲಿ. ಮನೆ ಹಿಂದೆ ಎರಡು ನೈಜೀರಿಯನ್ ಡ್ವಾರ್ಫ್ ಆಡು ಸಾಕಿದ್ದೇವೆ. ಎರಡೂ ಬೀಜ ಒಡೆಸಿದ ಗಂಡು, 2 ವರ್ಷದವು.

ಹೋದ ತಿಂಗಳು ಚಿಕ್ಕದು ಬೆನ್ನು ಬಾಗಿಸಿ, ಬಾಲ ಅಲ್ಲಾಡಿಸುತ್ತಾ ತಿಣುಕುತ್ತಿತ್ತು. ಉಚ್ಚೆ ತೊಟ್ಟು ತೊಟ್ಟಾಗಿ ಬೀಳುತ್ತಿತ್ತು. ಹೊಟ್ಟೆ ಕೆಳಗಿನ ಕೂದಲಿಗೆ ಮರಳಿನಂಥ ಬಿಳಿ ಕಣ ಅಂಟಿತ್ತು. ಡಾಕ್ಟರ್ ನೋಡಿ ಮೂತ್ರದ ಕಲ್ಲು ಅಂದರು. ಪುಣ್ಯಕ್ಕೆ ಉಳಿಯಿತು. ಕಾಳಿನಲ್ಲಿ ರಂಜಕ ಜಾಸ್ತಿ, ಅದರಿಂದಲೇ ಹೀಗಾಗಿದ್ದು ಎಂದರು. ದಿನಾ ಎರಡು ಹಿಡಿ ಜೋಳ ಪ್ರೀತಿಯಿಂದ ಹಾಕುತ್ತಿದ್ದವಳು ನಾನೇ. ಈಗಲೂ ನೆನೆಸಿಕೊಂಡರೆ ಹೊಟ್ಟೆ ಉರಿಯುತ್ತದೆ.

ಕಾಳು ಪೂರ್ತಿ ನಿಲ್ಲಿಸಿದೆ. ಈಗ ಬರ್ಮುಡಾ ಒಣಹುಲ್ಲು, ಆಡಿನದೇ ಖನಿಜ ಮಿಶ್ರಣ (ಕುರಿಯದ್ದರಲ್ಲಿ ತಾಮ್ರ ಸಾಲದು), ಬೇಕಾದಷ್ಟು ನೀರು. ಆದರೆ ಎರಡೂ ಬಡಕಲಾಗುತ್ತಿವೆ, ಮೈಕೂದಲಿನ ಹೊಳಪೂ ಹೋಗಿದೆ.

ಗೊಂದಲ ಇಲ್ಲೇ. ಮೇವಿನಲ್ಲಿ ಕ್ಯಾಲ್ಸಿಯಂ, ರಂಜಕ 2:1 ಇರಬೇಕು ಅಂತಾರೆ. ಹಾಗಿದ್ದರೆ ಕ್ಯಾಲ್ಸಿಯಂ ಜಾಸ್ತಿ ಇರುವ ಅಲ್ಫಾಲ್ಫಾ, ಅಂದರೆ ನಮ್ಮ ಕುದುರೆ ಮಸಾಲೆ, ಒಳ್ಳೆಯದೇ ಅಲ್ವಾ? ಕೆಲವರು ಅದರಿಂದ ಬೇರೆ ಥರದ ಕಲ್ಲು ಆಗುತ್ತದೆ ಅಂತಾರೆ.

ಒಮ್ಮೆ ಕಲ್ಲಾದ ಗಂಡಾಡಿಗೆ ಕುದುರೆ ಮಸಾಲೆ ಹಾಕಿ ಸಾಕಿದವರು ಇದ್ದೀರಾ? ಹುಲ್ಲಿನ ಜೊತೆ ದಿನಕ್ಕೆ ಎಷ್ಟು ಹಾಕಬಹುದು?